ದ್ವಾದಶಿ ಮುಂಜಾನೆ ಬಂದ ದೂರು

ಬೆನ್ನಿಗೆ ಇದ್ದು ಕೆಲಸ ಕಲೀತಾಳ ಅಂತ ಅಪಾರ್ಟ್‌ಮೆಂಟ್ ನೋಡಿಕೊಳ್ಳೋ ಹೊಸ ಕಂಪನಿಯವರು ಸಿಂಚನಾ ಅನ್ನೋ ಹುಡುಗೀನ ನನಗ ಗಂಟು ಹಾಕಿ ಹೋದರು. ಮೈಸೂರ ಕಡೆಯಾಕಿ. ಶ್ಯಾಣ್ಯಾಕಿ ಅದಾಳ, ಇಲ್ಲ ಅನ್ನಂಗಿಲ್ಲ. ಆದರ ಎದ್ದರ ಕುಂತರ "ಯಾಕೆ ಮೇಡಂ" ಅಂತಾಳ. ಲಿಫ್ಟ್ ಬಂದ್ ಮಾಡಿಸಿದರ ಯಾಕೆ, ವಾಚ್‌ಮನ್ನನ ಬೈದರ ಯಾಕೆ. ಹೈದರಾಬಾದಿನ ತಾರ್ನಾಕದ ಈ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಆಗಿ ನನ್ನ ತಲಿ ಬೆಳ್ಳಗಾತು, ಇಷ್ಟ ಪ್ರಶ್ನೆ ನನ್ನ ಗಂಡನೂ ಕೇಳಿಲ್ಲ.

ಅವತ್ತ ದ್ವಾದಶಿ. ಮುಂಜಾನೆ ಕೆಳಗಿನ ಮಜಲಿನ ಮನಿ ಧನಶ್ರೀ ಫೋನ್ ಮಾಡಿದಳು, ಅಡಗಿಮನಿ ಛತ್ತಿನಿಂದ ನೀರು ಸೋರಾಕತ್ತಾವ ಅಂತ. ಆಕಿ ಮ್ಯಾಲಿನ ಮನಿ ಸುಂದರಾಬಾಯಿ ಕಾಕೂಂದು. ಅವರ ಸಿಂಕಿನ ಕೆಳಗಿನ ಪೈಪ್ ಬಿಟ್ಟಿತ್ತು.

ಕಾಕು ಏಕಾದಶಿ ದಿನ ಹನಿ ನೀರೂ ಕುಡಿಯಂಗಿಲ್ಲ. ಮರುದಿನ ನಸುಕಿನ್ಯಾಗ ಜಳಕಾ ಮಾಡಿ, ಮಡಿ ಉಟ್ಟು, ಕಂಪೌಂಡಿನ ಬಾವಿಯಿಂದ ತಾವ ನೀರು ಸೇದಿ ತಂದು, ಅಡಗಿ ಮಾಡಿ ದೇವರಿಗೆ ನೈವೇದ್ಯ ತೋರಿಸಿದ ಮ್ಯಾಲೆನ ಬಾಯಾಗ ತುತ್ತು. ಅಲ್ಲೀತನಕ ಯಾರೂ ಒಳಗ ಕಾಲಿಡಂಗಿಲ್ಲ, ನಾನೂ ಅಷ್ಟ. ಕಾಲಿಟ್ಟರ ಅಡಗಿ ಮೈಲಿಗಿ. ಮತ್ತ ಜಳಕಾ, ಮತ್ತ ಬಾವಿ, ಮತ್ತ ಒಲಿ. ಎಪ್ಪತ್ತು ದಾಟಿದ ಜೀವ. ಈ ಮಡಿ ನನಗೂ ತಲಿಬ್ಯಾನಿನ, ಸುಳ್ಳ ಯಾಕ ಹೇಳ್ಲಿ. ಅದಕ್ಕ ನಂದೊಂದು ಪದ್ಧತಿ ಐತಿ: ಕೆಳಗ ಬಕೆಟ್ ಇಡಸೋದು, ಕಾಕೂನ ಊಟ ಆದ ಮ್ಯಾಲೆ ಪ್ಲಂಬರ್ ಮೋಹನನ್ನ ಒಳಗ ಕಳಸೋದು. ಧನಶ್ರೀನೂ "ಆತ್ರಿ, ತಾಸು ನಡೀತೈತಿ" ಅಂದಳು.

ಲಿಫ್ಟ್ ಬಂದ್ ಇತ್ತು; ನಾ ಮೋಹನನ್ನ ಕರಕೊಂಡು ಮೆಟ್ಟಲಾ ಹತ್ತಿ, ಊಟ ಆಗೂದನ್ನ ಕಾಯಕೋತ ಕಾಕೂನ ಬಾಗಲ ಮುಂದ ಬಂದು ನಿಂತಿದ್ದೆ. ಹಿಂದಿದ್ದ ಸಿಂಚನಾ ಅಷ್ಟರಾಗ ಆ ದೂರನ್ನ ಕಂಪನಿ ಆ್ಯಪಿನ್ಯಾಗ ಹಾಕೇಬಿಟ್ಟಿದ್ದಳು. ಕಾಕೂನ ಮನಿ ದೂರು ನನ್ನ ಕೇಳದ ಹಾಕಬ್ಯಾಡ ಅಂತ ಬಂದ ದಿನನ ಹೇಳಿದ್ದೆ.

"ತಕ್ಷಣ ಹಾಕಲಿಲ್ಲ ಅಂದ್ರೆ ನನ್ನ ಟ್ರೇನಿಂಗಲ್ಲಿ ಮಾರ್ಕ್ಸ್ ಕಟ್ ಮಾಡ್ತಾರೆ ಮೇಡಂ" ಅಂದಳು.

ಹಣಿ ಹಣಿ ಬಡಕೊಂಡೆ. ಆ್ಯಪಿನ್ಯಾಗ ಹಾಕಿದ್ದು ಸೀದಾ ಕಾಕು ಬಾಡಿಗಿ ಇರೋ ಮನಿ ಮಾಲಕ ಸುಶಾಂತಗ ಹೋಗ್ತೈತಿ. ಇನ್ನೊಂದು ದೂರು ಬಂದರ ಕಾಕೂನ ಮನಿ ಬಿಡಸ್ತೀನಿ ಅಂತ ಆತ ಮೊದಲ ಹೇಳಿಬಿಟ್ಟಿದ್ದ. ಬಾವಿ ಇರೋ ಅಪಾರ್ಟ್‌ಮೆಂಟ್ ಈ ಹೈದರಾಬಾದಿನ್ಯಾಗ ಆ ಹೆಣ್ಣಮಗಳಿಗೆ ಮತ್ತೆಲ್ಲೆ ಸಿಗಬೇಕು?

ಫೋನ್ ಬಂದೇ ಬಂತು. ಸುಶಾಂತನ ಧ್ವನಿ ಇಡೀ ಮಜಲಿಗೆ ಕೇಳೂ ಹಂಗಿತ್ತು. "ಅರ್ಧ ತಾಸಿನ್ಯಾಗ ಪೈಪ್ ಸರಿ ಆಗಬೇಕು, ಇಲ್ಲಾಂದ್ರ ನಾಳೆನ ನೋಟಿಸ್ ಕೊಡ್ತೀನಿ." ಒಂದು ತಾಸು ತಡೀಪಾ ಅಂತ ಕೈ ಮುಗದು ಕೇಳಿದೆ. ಇಟ್ಟುಬಿಟ್ಟ.

ಬಾಗಲಾ ತೆರೀತು. ಕಾಕು ಎಲ್ಲಾ ಕೇಳಿಸ್ಕೊಂಡಿದ್ದರು.

"ಮೋಹನಾ, ಬಾರಪಾ ಒಳಗ."

"ಕಾಕೂ, ಅಡಗಿ?"

"ಆಗ್ಯದ. ನೈವೇದ್ಯ ಅಷ್ಟ ಉಳದಿತ್ತು" ಅಂದು ಅವರು ಬಾಗಲಾ ಬಿಟ್ಟು ಸರದು ನಿಂತರು.

ಮೋಹನ ಚಪ್ಪಲಿ ಬಿಟ್ಟು ಒಳಗ ಹೋಗಿ, ಪೈಪ್ ಬಿಗಿ ಮಾಡಿ, ತಲಿ ಎತ್ತದ ಹೊರಗ ಬಂದ. ಸಿಂಚನಾನ ಮಾರಿ ಅರಳಿತ್ತು.

"ದೂರು ಕ್ಲೋಸ್ ಆಯ್ತು ಮೇಡಂ. ಇಷ್ಟು ಸುಲಭ ಇತ್ತಲ್ಲ, ಯಾಕೆ ಕಾಯೋಣ ಅಂದ್ರಿ?"

ನಾ ಬಾಯಿ ತೆರೆಯೋದ್ರಾಗ ಕಾಕು ಅನ್ನ, ಸಾರು, ಅಗಸಿ ಸೊಪ್ಪಿನ ಪಲ್ಯ ಎಲ್ಲಾ ತಂದು ಹೊಸ್ತಿಲದ ಹೊರಗ ಇಟ್ಟರು. "ಮೆಟ್ಟಲಾ ಹತ್ತಿ ಇಳದು ಆ ಹುಡುಗಿ ದಣದಾಳ. ಉಣ್ಲಿ" ಅಂದು ಒಳಗ ಹೋದರು. ತಲಿ ಮ್ಯಾಲೆ ತಣ್ಣೀರು ಸುರಕೊಳ್ಳೋ ಸಪ್ಪಳ ಕೇಳಿಸ್ತು. ಒದ್ದಿ ಸೀರ್‍ಯಾಗ ಕೊಡ, ಹಗ್ಗ ಹಿಡಕೊಂಡು ಹೊರಗ ಬಂದು, ಕಟಕಟಿ ಹಿಡದು ಒಂದೊಂದ ಮೆಟ್ಟಲಾ ಇಳೀಲಿಕ್ಕೆ ಹತ್ತಿದರು.

"ಮತ್ತೆ ಯಾಕೆ ನೀರಿಗೆ..." ಅಂದಳು ಸಿಂಚನಾ.

"ನಿನ್ನೆ ಇಡೀ ದಿನ ಉಪವಾಸ ಇದ್ದಾರ. ಮೋಹನ ಒಳಗ ಹೋದ, ಅಡಗಿ ಮೈಲಿಗಿ ಆತು. ಇನ್ನ ಮತ್ತ ಮಾಡಿ ಉಣಬೇಕು."

ಆಕಿ ಅನ್ನದ ಪಾತ್ರಿ ನೋಡಿದಳು. ಕಣ್ಣಾಗ ನೀರು ಬಂದುವು. "ಕೊಡ ನಾನು ಹೊತ್ತು ತಂದುಕೊಡ್ಲಾ ಮೇಡಂ?"

"ನೀ ಮುಟ್ಟಂಗಿಲ್ಲ. ನಾನೂ ಮುಟ್ಟಂಗಿಲ್ಲ."

ಕೆಳಗ ಬಾವ್ಯಾಗ ಕೊಡ ಬಿದ್ದ ಸಪ್ಪಳ ಆತು. ಇಬ್ಬರೂ ಕಟಕಟಿ ಹಿಡಕೊಂಡು ನೋಡಕೋತ ನಿಂತ್ವಿ.