ಖಾಲಿ ಹಲಗೆ

ಗಣಿಯ ಬಾಯಲ್ಲಿ ಒಂದು ಮರದ ಹಲಗೆ, ಹಲಗೆಯ ತುಂಬ ಮೊಳೆ. ಕೆಳಗಿಳಿಯುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಸಿಕ್ಕಿಸಿ ಇಳಿಯಬೇಕು, ಮೇಲೆ ಬಂದ ಮೇಲೆ ತಾವೇ ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾಯಿತೆಂದರೆ ಒಳಗೆ ಯಾರೂ ಇಲ್ಲ, ಮದ್ದು ಸಿಡಿಸಬಹುದು. ಸಿಡಿಸಿ ಎಂದು ಹೇಳಬೇಕಾದವಳು ಮ್ಯಾನೇಜರು. ಒಬ್ಬರ ಬಿಲ್ಲೆ ಇನ್ನೊಬ್ಬರು ಮುಟ್ಟಿದರೆ ಮತ್ತೆಂದೂ ಗಣಿಗೆ ಇಳಿಯುವಂತಿಲ್ಲ ಎಂಬ ನಿಯಮ ಮಾಡಿದವಳೂ ಅವಳೇ.

ಅವಳು ಬಂದ ಹೊಸದರಲ್ಲಿ, ಹೆಂಗಸು ಇಳಿದರೆ ಗಣಿ ಮುನಿಸಿಕೊಳ್ಳುತ್ತದೆ ಎಂದು ಅರ್ಧ ಪಾಳಿ ಹೊರಗೇ ಕೂತಿತ್ತು. ಮೇಸ್ತ್ರಿಯೊಬ್ಬನೇ ಎದ್ದು, "ಮುನಿಸಿಕೊಂಡ್ರೆ ನನ್ಮೇಲೆ ಮುನಿಸಿಕೊಳ್ಳಲಿ ಬಿಡ್ರೋ, ಮದುವೆ ಆದೋನಿಗೆ ಅದೆಲ್ಲ ಅಭ್ಯಾಸ" ಎನ್ನುತ್ತ ಅವಳ ಹಿಂದೆ ಲಿಫ್ಟ್ ಹತ್ತಿದ್ದ. ನಕ್ಕವರೆಲ್ಲ ಒಬ್ಬೊಬ್ಬರಾಗಿ ಹತ್ತಿದ್ದರು. ಅಂದಿನಿಂದ ಅವಳು ಪ್ರತಿ ಸಂಜೆ ಹಲಗೆಯ ಪಕ್ಕ ನಿಂತು ಮೇಲೆ ಬಂದ ಪ್ರತಿಯೊಬ್ಬನ ಮುಖ ನೋಡಿಯೇ ಆಫೀಸಿಗೆ ಹೋಗುತ್ತಿದ್ದಳು. ಬೆನ್ನ ಹಿಂದೆ ಅವಳಿಗೆ ಟಿಕೆಟ್ ಕಲೆಕ್ಟರ್ ಎಂದು ಹೆಸರಿಟ್ಟಿದ್ದರು. ಗೊತ್ತಿದ್ದರೂ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು.

ಆ ವಾರ ಅಮ್ಮನಿಗೆ ಜ್ವರ ಬಿಟ್ಟಿರಲಿಲ್ಲ. ಆ ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಅವಳು ಆಫೀಸಿನಲ್ಲಿ ನಿಂತು ಫೋನಿನಲ್ಲಿ ತಂಗಿಯ ಮಾತು ಕೇಳುತ್ತಿದ್ದಳು. "ಅಮ್ಮನ್ನೂ ಗಣಿಗೇ ಇಳಿಸಿಬಿಡ್ಲಾ ಅಕ್ಕ? ಆಗಾದ್ರೂ ನೀನು ನೋಡ್ಕೋತೀಯ." ಅವಳು ಹೂಂ ಎಂದಳು.

ಮೇಸ್ತ್ರಿ ಬಾಗಿಲಲ್ಲಿ ತಲೆ ಹಾಕಿದ. ಹಲಗೆ ಖಾಲಿಯಾಗಿದೆ, ನೀವು ಒಂದು ಮಾತು ಹೇಳಿ ಮನೆ ಕಡೆ ನಡೀರಿ ಮೇಡಂ, ಬಸ್ಸು ಸಿಗುತ್ತೆ ಎಂದ. ಅವಳು ಹೋಗಿ ನೋಡಿದಳು. ಮೊಳೆಗಳೆಲ್ಲ ಬರಿದಾಗಿದ್ದವು. ಮದ್ದಿನವನು ಸ್ವಿಚ್ಚಿನ ಪಕ್ಕ ಅವಳ ಬಾಯನ್ನೇ ನೋಡುತ್ತಿದ್ದ.

ಬೂಟು ಹಾಕಿಕೊಳ್ಳುವ ಬೆಂಚಿನ ಕೆಳಗೆ ಒಂದು ಜೊತೆ ಚಪ್ಪಲಿ ಇತ್ತು.

ಯಾರದು ಎಂದು ಕೇಳಿದಳು. ಯಾರೋ ಬೂಟಲ್ಲೇ ಮನೆಗೆ ಹೋಗಿರಬೇಕು ಎಂದ ಮದ್ದಿನವನು. ಅವಳು ಸ್ವಿಚ್ಚಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ತಿರುಗಿ ನೋಡಿದರೆ ಮೇಸ್ತ್ರಿಯ ಮುಖದಲ್ಲಿ ರಕ್ತವಿರಲಿಲ್ಲ.

ಚಪ್ಪಲಿ ಒಳಗಿನ ನೀರೆತ್ತುವ ಪಂಪಿನವನದಂತೆ. ನೀನು ನಡಿ, ನಿನ್ನ ಹಿಂದೇನೇ ಬಂದೆ ಎಂದಿದ್ದನಂತೆ. ಅದಕ್ಕೇ ಅವನ ಬಿಲ್ಲೆಯನ್ನೂ ತೆಗೆದುಬಿಟ್ಟೆ ಎಂದ ಮೇಸ್ತ್ರಿ.

ಲಿಫ್ಟ್ ಕೆಳಗೆ ಕಳಿಸಿದರು. ಕಾದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಂಪಿನವನು ಎಣ್ಣೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದ. ನೀರು ಜಾಸ್ತಿ ನುಗ್ಗಿತ್ತು, ವಾಲ್ವ್ ಬಿಗಿ ಮಾಡಲು ತಡವಾಯಿತು ಎಂದ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ನಾನೇನು ದೆವ್ವಾನಾ, ಹಾಗ್ ನೋಡ್ತೀರಲ್ಲ ಎಂದು ಕೇಳಿದ. ನಗಲು ಯಾರಿಗೂ ಆಗಲಿಲ್ಲ.

ಆಫೀಸಿನಲ್ಲಿ ಮೇಸ್ತ್ರಿ ಕುರ್ಚಿಯಿದ್ದರೂ ಕೂರಲಿಲ್ಲ.

"ನೀವು ಬೇಗ ಮನೆ ಸೇರ್ಕೊಳ್ಳಿ ಅಂತ ಮೇಡಂ. ಬೇರೇನೂ ಇರ್ಲಿಲ್ಲ ಮನಸ್ಸಲ್ಲಿ."

"ಗೊತ್ತು."

"ಏನೂ ಆಗ್ಲಿಲ್ವಲ್ಲ..."

ಇಷ್ಟು ವರ್ಷ ಅವಳು ದುಡಿದದ್ದೆಲ್ಲ ಏನೂ ಆಗದಿರಲಿ ಎಂದೇ. ಏನೂ ಆಗದ ದಿನಕ್ಕೆ ಗುರುತಿರುವುದಿಲ್ಲ, ಸಾಕ್ಷಿಯೂ ಇರುವುದಿಲ್ಲ. ಇವನನ್ನು ಇಂದು ಬಿಟ್ಟರೆ ಕೇಳುವವರಿಲ್ಲ. ನಾಳೆ ಇನ್ನೊಬ್ಬ ಇನ್ನೊಬ್ಬನಿಗೆ ಇಷ್ಟೇ ಪ್ರೀತಿಯಿಂದ ಉಪಕಾರ ಮಾಡುತ್ತಾನೆ.

"ನಾಳೆಯಿಂದ ಕೆಳಗಿಳಿಯೋದು ಬೇಡ, ಮೇಲೆ ಸ್ಟೋರ್ ಕೆಲಸಕ್ಕೆ ಬನ್ನಿ" ಎಂದಳು.

ಅವನು ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಹಣೆಯಲ್ಲಿ ಅದರ ಪಟ್ಟಿಯ ಗೆರೆ ಕೆಂಪಗೆ ಉಳಿದಿತ್ತು. ಬಾಗಿಲ ತನಕ ಹೋದವನು ನಿಂತು ಕೇಳಿದ, "ಅಮ್ಮನಿಗೆ ಹೇಗಿದೆ?"

"ಹಾಗೇ ಇದೆ."

"ಬಸ್ಸು ಹೋಯ್ತು ನಿಮ್ದು" ಎಂದು ಹೇಳಿ ಹೊರಟ.

ಅವಳು ಹಲಗೆಯ ಹತ್ತಿರ ಹೋದಳು. ಸುದ್ದಿ ತಿಳಿದು ಪಾಳಿಯವರೆಲ್ಲ ಮತ್ತೆ ಅಲ್ಲೇ ಸೇರಿದ್ದರು. ಒಬ್ಬೊಬ್ಬನನ್ನೂ ಕರೆದು, ಅವನ ಬಿಲ್ಲೆಯನ್ನು ಅವನ ಕೈಯಿಂದಲೇ ಎತ್ತಿ ತೋರಿಸಲು ಹೇಳಿದಳು. ಒಬ್ಬೊಬ್ಬರಾಗಿ ತೋರಿಸಿದರು. ಮೇಸ್ತ್ರಿ ಪಂಪಿನವನದನ್ನು ಅವನ ಕೈಗೆ ಕೊಟ್ಟು, ಸಾಲಿನ ಕೊನೆಯಲ್ಲಿ ನಿಂತು ತನ್ನದನ್ನೂ ತೋರಿಸಿದ. ಅವಳು ಅದರ ನಂಬರು ಓದಿ, ಜೇಬಿನಿಂದ ಕೀಲಿ ತೆಗೆದು ಮದ್ದಿನವನಿಗೆ ಕೊಟ್ಟಳು.