ಉದ್ದ ಗೆರೆ, ಅಡ್ಡ ಗೆರೆ

ಸರ್ರ್ ಎಂದಿತು, ಸಿರ್ ಎನ್ನಬೇಕಿತ್ತು, ಬೆರಳು ನಿಂತಿತು — ಎಣ್ಣೆ ಸಾಲಲಿಲ್ಲವೇನೋ, ಇಲ್ಲ, ಸಾಣೆಕಲ್ಲಿನ ಮೇಲೆ ಮೂರು ಹನಿ ಇವೆ, ಅಪ್ಪ ಹಾಕುತ್ತಿದ್ದಷ್ಟೇ, ಆದರೂ ಅಲಗು ಕಲ್ಲಿಗೆ ಕೂರುತ್ತಿಲ್ಲ, ಇನ್ನೊಬ್ಬರು ಮೆಟ್ಟಿ ಸವೆಸಿದ ಚಪ್ಪಲಿಯೊಳಗೆ ಕಾಲಿಟ್ಟಂತೆ ಒಂದು ಮಗ್ಗುಲು ಏಳುತ್ತದೆ, ಜೆರ್ಮೇನ್ ಗಡಿಯಾರದ ಸ್ಕ್ರೂ ತಿರುಗಿಸುವ ಆ ಪುಟ್ಟ ತಿರುಪುಳಿಯನ್ನು ಕಲ್ಲಿನಿಂದ ಎತ್ತಿ ಬಟ್ಟೆಗೆ ಒರೆಸಿ ಹೆಬ್ಬೆರಳಿನ ಉಗುರನ್ನು ಅಲಗಿನ ಬುಡದಿಂದ ತುದಿಯವರೆಗೆ ಎಳೆದಳು, ಗರಗರ ಅನ್ನಬೇಕಾದ್ದು ನುಣ್ಣಗೆ ಜಾರಿತು, ಅಡ್ಡಕ್ಕೆ ಎಳೆದಳು, ಗರಗರ ಅಂದಿತು. ಉದ್ದ ಗೆರೆ. ಈ ಮನೆಯಲ್ಲಿ ಯಾರೂ ಅಲಗನ್ನು ಕಲ್ಲಿಗೆ ಉದ್ದಕ್ಕೆ ಉಜ್ಜಿ ಉದ್ದ ಗೆರೆ ಎಳೆಯುವುದಿಲ್ಲ. ಹಳದಿ ಉಂಗುರದ ತಿರುಪುಳಿ, ತುದಿ ಒಂದು ಮಿಲಿಮೀಟರೂ ಅಗಲವಿಲ್ಲ, ತಂಗಿ ಬ್ಲಾಂಶಳದು, ಹೋದ ಶನಿವಾರ ತಾನೇ ಇದೇ ಕಿಟಕಿಯ ಕೆಳಗೆ ಕೂತು ಅಡ್ಡಡ್ಡ ಉಜ್ಜಿ, ತುದಿಯನ್ನು ಒಂದೇ ಒಂದಿಷ್ಟು ಮೊಂಡು ಮಾಡಿ, ತಗೋ, ಒಂದು ವಾರ ಬರುತ್ತೆ ಅಂತ ಕೊಟ್ಟದ್ದು, ಅಪ್ಪ ಇದ್ದಾಗಿಂದ, ಅವರು ಹೋದ ಮೇಲೂ, ಮೂವತ್ತೆಂಟು ವರ್ಷದಿಂದ ಪ್ರತಿ ಶನಿವಾರ ಕೊಟ್ಟದ್ದು, ಬಿಳಿ ಉಂಗುರದ್ದನ್ನು ತೆಗೆದಳು, ಉಗುರು ಎಳೆದಳು, ಜಾರಿತು, ಕಪ್ಪು ಉಂಗುರದ್ದು, ಜಾರಿತು, ಕೆಂಪು, ಜಾರಿತು, ಕಿತ್ತಳೆ ಎಷ್ಟು ಸಣ್ಣದೆಂದರೆ ಉಗುರಿಗೆ ಸಿಗುವುದೇ ಇಲ್ಲ, ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಬೆಳಕಿಗೆ ಹಿಡಿದಳು, ಗಾಜಿನ ಮೇಲೆ ಉಸಿರು ಕೂತಿದೆ, ಒರೆಸಿದಳು, ಮತ್ತೂ ಕೂತಿದೆ, ಅಡುಗೆಮನೆಯ ಆವಿ ಇರಬೇಕು, ಬ್ಲಾಂಶ್ ಅಲ್ಲಿ ಲೀಕ್ ಸೊಪ್ಪು ಆಲೂಗಡ್ಡೆ ಬೇಯಿಸುತ್ತಿದ್ದಾಳೆ, ಮೇಲೆ ಸಾಸೇಜು ಇಟ್ಟಿದ್ದಾಳೆ, ಗುನುಗುತ್ತಿದ್ದಾಳೆ, ಐದಕ್ಕೆ ಐದೂ ಬೇರೆಯವರ ಕೈ ಹತ್ತಿದ ಮೇಲೆ ಹೇಗೆ ಗುನುಗುತ್ತಾಳೆ.

ಬೇರೆಯವರು ಅಂದರೆ ಯಾರು ಅಂತ ಕೇಳಬೇಕೇ, ಈ ಕಣಿವೆಯಲ್ಲಿ ಕಾರ್ಖಾನೆಯ ಶಾಲೆಗೆ ಹೋಗಿ ಬಂದವರು ಉದ್ದಕ್ಕೆ ಉಜ್ಜುತ್ತಾರೆ, ಮನೆಯಲ್ಲಿ ಕಲಿತವರು ಅಡ್ಡಕ್ಕೆ, ಅಡ್ಡ ಗೆರೆ ಸ್ಕ್ರೂವಿನ ಸೀಳನ್ನು ಕಚ್ಚಿ ಹಿಡಿಯುತ್ತೆ ಮಗಳೇ, ಉದ್ದ ಗೆರೆ ಜಾರುತ್ತೆ, ಜಾರಿದರೆ ಗೀರು, ಗೀರಾದರೆ ಮಾಲು ವಾಪಸ್ಸು, ಹಾಗೆ ಹೇಳುತ್ತಿದ್ದರು ಅಪ್ಪ, ಶಾಲೆಯವರಲ್ಲಿ ಬ್ಲಾಂಶ್ ಮಾತಾಡುವುದು ಒಬ್ಬನ ಜೊತೆ, ಫೆರ್ನಾಂದ್ ಕಾಪ್ತ್, ಹೆಂಡತಿ ಸತ್ತು ಎರಡು ವರ್ಷ, ಕಾರ್ಖಾನೆ ಬಿಟ್ಟು ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದಾನೆ, ಚಾಕು ಕತ್ತರಿಗೆ ಸಾಣೆ ಹಿಡಿಯುತ್ತಾನೆ, ಸರೋವರ ಹೆಪ್ಪುಗಟ್ಟಿದಾಗ ಊರವರು ಅದರ ಮೇಲೆ ಜಾರುವ ಸ್ಕೇಟುಗಳ ಅಲಗಿಗೆ, ಗುರುವಾರ ಗುರುವಾರ ಚರ್ಚಿನ ಹಾಡುಗಾರರ ಸಾಲಿನಲ್ಲಿ ನಿಂತು ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಹಾಡುತ್ತಾನೆ, ಅವನ ಮುಂದಿನ ಸಾಲಿನಲ್ಲಿ ಬ್ಲಾಂಶ್, ಕತ್ತಿನ ಹಿಂಭಾಗಕ್ಕೆ ಅವನ ಉಸಿರು ತಾಗುವಷ್ಟು ಹತ್ತಿರ, ಈ ಚಳಿಗಾಲ ಅಭ್ಯಾಸ ಮುಗಿಯುವುದು ಯಾವಾಗಲೂ ತಡ, ಪಾದ್ರಿಗಳು ಒಂದೇ ಸಾಲನ್ನು ಹತ್ತು ಸಲ ಹಾಡಿಸ್ತಾರೆ ಕಣೇ ಅಂತಾಳೆ, ಬೂಟಿನ ಹಿಮ ಕೊಡವುತ್ತಾ, ಕೆನ್ನೆ ಕೆಂಪಗೆ, ಚಳಿಯ ಕೆಂಪೋ ಏನೋ, ಮೊನ್ನೆ ಬ್ರೆಡ್ಡಿನ ಅಂಗಡಿಯಲ್ಲಿ ಪಕ್ಕದ ಮನೆಯ ಮದಾಂ ಮೇಲಾಂ ಎಲ್ಲರ ಎದುರಿಗೇ, ಏನ್ರೀ ಜೆರ್ಮೇನ್, ನಿಮ್ಮ ತಂಗಿ ಈ ವರ್ಷ ಎಷ್ಟು ಸಲ ಸ್ಕೇಟು ಸಾಣೆ ಹಿಡಿಸಿದ್ಲು, ಆ ಸ್ಕೇಟಲ್ಲಿ ಈಗ ನಮ್ಮ ಯಜಮಾನ್ರು ಗಡ್ಡ ಬೋಳಿಸ್ಕೋಬಹುದು, ಅಂಗಡಿಯವಳು ನಕ್ಕಳು, ಜೆರ್ಮೇನೂ ನಕ್ಕಳು, ನಿಮ್ಮ ಯಜಮಾನ್ರಿಗೆ ಬೋಳಿಸೋಕೆ ಗಡ್ಡ ಎಲ್ಲಿದೆ ಮದಾಂ, ಅಂತ ತಿರುಗಿ ಕೊಟ್ಟು ಬಂದಳು, ಆದರೆ ದಾರಿಯುದ್ದಕ್ಕೂ ಬ್ರೆಡ್ಡನ್ನು ಎಷ್ಟು ಒತ್ತಿ ಹಿಡಿದಿದ್ದಳೆಂದರೆ ಮನೆಗೆ ಬರುವಾಗ ನಡು ಮುರಿದಿತ್ತು. ಸ್ಕೇಟು ಹೋಗಲಿ, ಸ್ಕೇಟು ಎಲ್ಲರದೂ ಅವನ ಬಳಿಗೇ ಹೋಗುತ್ತದೆ. ತಿರುಪುಳಿ ಯಾರಾದರೂ ಕೊಡುತ್ತಾರೆಯೇ, ಅದು ಒಳಬಟ್ಟೆ ಕೊಟ್ಟ ಹಾಗೆ, ಅವನ ಮೇಜಿನ ಮೇಲೆ ಬ್ಲಾಂಶಳ ಐದು ತಿರುಪುಳಿಗಳು ಸಾಲಾಗಿ ಮಲಗಿರುವುದು ಕಾಣುತ್ತದೆ, ಅವನ ದಪ್ಪ ತೋರುಬೆರಳು ಹಳದಿಯದರ ಬೆನ್ನ ಮೇಲೆ ಕೂತು ಮೆಲ್ಲಗೆ ಹಿಂದೆ ಮುಂದೆ, ಹಿಂದೆ ಮುಂದೆ, ಇವಳು ಪಕ್ಕದ ಸ್ಟೂಲಿನಲ್ಲಿ ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ನೋಡುತ್ತಾ, ಥೂ.

ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗೆ, ಐವತ್ತೇಳು ವರ್ಷದವಳಿಗೆ ಇದೆಲ್ಲ ಏನು, ಇದು ಹೊಟ್ಟೆಕಿಚ್ಚಲ್ಲ, ಕೆಲಸದ ಮಾತು, ಕಾರ್ಖಾನೆಯವರು ವಾರಕ್ಕೊಂದು ಪೆಟ್ಟಿಗೆ ಕಳಿಸುತ್ತಾರೆ, ಇಪ್ಪತ್ತನಾಲ್ಕು ಗಡಿಯಾರದ ಯಂತ್ರ ಜೋಡಿಸಿ ಕೊಡಬೇಕು, ಅರ್ಧ ಅವಳದು ಅರ್ಧ ತನ್ನದು, ಎರಡು ಮೇಜು ಒಂದು ಕಿಟಕಿ ಒಂದು ಕಲ್ಲು, ಆ ಕಲ್ಲು ತನ್ನದು, ತನಗೆ ಹನ್ನೊಂದು ತುಂಬಿದ ದಿನ ಅಪ್ಪ ಇದೇ ಕುರ್ಚಿಯ ಹಿಂದೆ ನಿಂತು ತನ್ನ ತೋರುಬೆರಳ ಮೇಲೆ ತಮ್ಮ ತೋರುಬೆರಳನ್ನಿಟ್ಟು ಒತ್ತಿದರು, ಇಷ್ಟೇ ಭಾರ, ಇದಕ್ಕಿಂತ ಹೆಚ್ಚಲ್ಲ, ಕಡಿಮೆಯಲ್ಲ, ಗೊತ್ತಾಯ್ತಾ, ಬೆರಳ ಮೇಲೆ ಬೆರಳು, ಆ ಭಾರ ಈಗಲೂ ಇದೆ, ಮೂರು ವರ್ಷದ ಬ್ಲಾಂಶ್ ಮೇಜಿನ ಕೆಳಗೆ ಕೂತು ಬಿದ್ದ ಸ್ಕ್ರೂಗಳನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು ಆಡುತ್ತಿದ್ದಳು, ಅವಳಿಗೆ ಹನ್ನೊಂದಾದಾಗ ನಂಗೂ ಕಲ್ಲು ಕಲಿಸಪ್ಪ ಎಂದಳು, ಅಪ್ಪ ನಕ್ಕು, ಮನೆಗೊಬ್ಬರು ಸಾಕು, ನಿನ್ನವು ಜೆರ್ಮೇನ್ ಮಾಡಿಕೊಡ್ತಾಳೆ, ಎಂದು ಚಿಮುಟ ಕೈಗಿಟ್ಟರು, ನಾನು ಕಲಿಸ್ತೀನಿ ಅನ್ನಬೇಕಿತ್ತೇ, ತಾನು ಕಲ್ಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಿದ್ದು ನೆನಪಿದೆ, ಅಷ್ಟೇ. ಆಮೇಲೆ ಯುದ್ಧದ ಕಾಲಕ್ಕೆ ಗಡಿ ಕಾಯಲು ಬಂದ ಸಿಪಾಯಿ, ಫ್ರಿಬೂರಿನ ಹೈನುಗಾರರ ಕಡೆಯವನು, ಭಾನುವಾರ ಭಾನುವಾರ ಬಂದು ಅಡುಗೆಮನೆಯಲ್ಲಿ ಬೂಟಿನಿಂದ ನೀರು ಇಳಿಸುತ್ತಾ ಕೂರುತ್ತಿದ್ದ, ಬ್ಲಾಂಶ್ ಅವನಿಗೆ ಕಾಫಿ ಬಗ್ಗಿಸುವಾಗ ಬಟ್ಟಲು ತುಂಬಿ ತಟ್ಟೆಗೆ ಚೆಲ್ಲುತ್ತಿತ್ತು, ಅವನ ಕೈ ನೋಡಿದ್ಯೇನೇ, ಹಸುವಿನ ಕೆಚ್ಚಲು ಹಿಡಿಯೋ ಕೈ, ಆ ಕೈಯಲ್ಲಿ ಒಂದು ಸ್ಕ್ರೂ ಹಿಡಿಯೋಕಾಗುತ್ತಾ, ತಾನೇ ಹೇಳಿದ್ದು, ತಮಾಷೆಗೆ, ಅಪ್ಪ ಮೇಜು ಬಡಿದು ನಕ್ಕರು, ಬ್ಲಾಂಶ್ ನಗಲಿಲ್ಲ, ಮುಂದಿನ ಭಾನುವಾರ ಅವನಿಗೆ ಕಾಫಿ ಚೆಲ್ಲಲಿಲ್ಲ, ಅದರ ಮುಂದಿನ ಭಾನುವಾರ ಅವನು ಬರಲಿಲ್ಲ, ಒಳ್ಳೆಯದೇ ಆಯಿತು, ಬಂದಿದ್ದರೆ ಈ ಹೊತ್ತು ಅವಳು ಎಲ್ಲೋ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು, ಈ ಮೇಜು ಖಾಲಿ ಇರುತ್ತಿತ್ತು, ಖಾಲಿ, ಈಗ ಮತ್ತೆ ಖಾಲಿಯಾಗುತ್ತದೆಯೇ, ಮೊದಲು ತಿರುಪುಳಿ ಹೋಗುತ್ತದೆ, ಆಮೇಲೆ ಭಾನುವಾರದ ಊಟ, ಆಮೇಲೆ ಒಂದು ದಿನ ಪೆಟ್ಟಿಗೆ, ಸ್ಟೇಷನ್ ರಸ್ತೆಗೆ, ಕಾಪ್ತ್‌ನ ಮನೆಯ ಕಿಟಕಿ ದಕ್ಷಿಣಕ್ಕಿದೆ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಅಲ್ಲಿ ಯಾರಾದರೂ ಗಡಿಯಾರದ ಕೆಲಸ ಮಾಡಲಾದೀತೇ, ಮಾಡುತ್ತಾಳೆ, ಪರದೆ ಹೊಲಿದುಕೊಂಡು ಮಾಡುತ್ತಾಳೆ, ಹಾಡಿಕೊಂಡು ಮಾಡುತ್ತಾಳೆ.

ಗುನುಗು ನಿಂತಿತು, ಚಪ್ಪಲಿಯ ಸದ್ದು, ಊಟಕ್ಕೆ ಬಾರೇ, ಸಾಸೇಜು ಒಡೀತಿದೆ, ಎನ್ನುತ್ತಾ ಬ್ಲಾಂಶ್ ಬಾಗಿಲಲ್ಲಿ ನಿಂತಳು, ಬಟ್ಟೆಯ ಮೇಲೆ ತನ್ನ ಐದು ತಿರುಪುಳಿಗಳು ಸಾಲಾಗಿರುವುದನ್ನು ಕಂಡಳು, ನಿಂತಲ್ಲೇ ಕೈ ಒರೆಸಿಕೊಳ್ಳತೊಡಗಿದಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. ಸಿಕ್ಕಿಬಿತ್ತಾ, ಎಂದಳು. ಉಗುರಿಗೆ ಸಿಕ್ತು, ಎಂದಳು ಜೆರ್ಮೇನ್, ನಿನ್ನ ಸ್ಕೇಟಿನವನು ಕೆಲಸ ಚೆನ್ನಾಗಿ ಮಾಡ್ತಾನೆ, ಕಾಸು ತಗೋತಾನೋ ಅಥವಾ ಹಾಡಿಗೆ ವಜಾ ಮಾಡ್ಕೋತಾನೋ. ಅವನಲ್ಲ. ಅವನಲ್ದೆ ಇನ್ಯಾರು, ಪಾದ್ರಿಗಳಾ. ಅವನಲ್ಲ ಕಣೇ ಮಾರಾಯ್ತಿ, ನಾನೇ, ಎಂದಳು ಬ್ಲಾಂಶ್, ಸೋಮವಾರ ನೀನು ಹಾಲಿಗೆ ಹೋದಾಗ ನಿನ್ನ ಕಲ್ಲಲ್ಲೇ ಮಾಡ್ದೆ. ನೀನಾ, ಜೆರ್ಮೇನ್ ನಕ್ಕಳು, ನೀನು, ನಲವತ್ತೊಂಬತ್ತನೇ ವಯಸ್ಸಲ್ಲಿ, ಕಲಿಸಿದ್ದು ಯಾರು. ಅವನೇ ತೋರಿಸ್ದ, ಆರು ಗುರುವಾರ, ಮೊದಲು ಹಳೇ ತಿರುಪುಳಿ ಮೇಲೆ, ಎರಡನ್ನ ಹಾಳು ಮಾಡ್ದೆ. ಕೈ ಹಿಡಿದು ತೋರಿಸಿದ್ನಾ. ಹೂಂ, ಕೈ ಹಿಡಿದೇ, ಬೇರೆ ಹೇಗೆ ತೋರಿಸ್ತಾರೆ, ಅಪ್ಪ ನಿಂಗೂ ಹಾಗೇ ಅಲ್ವಾ ತೋರಿಸಿದ್ದು, ನಾನು ಈ ಮೇಜಿನ ಕೆಳಗಿಂದ ನೋಡ್ತಿದ್ದೆ, ನೀನು ಕಾಲ್ಬೆರಳು ಮಡಿಸ್ಕೊಂಡಿದ್ದೆ, ನನ್ನ ಕೈ ಯಾರೂ ಹಾಗೆ ಹಿಡಿದಿರಲಿಲ್ಲ ಜೆರ್ಮೇನ್. ಇದನ್ನು ಎಷ್ಟು ಮೆಲ್ಲಗೆ ಹೇಳಿದಳು, ಬೈದಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಮೂರು ವರ್ಷದ ಮಗುವಿಗೆ ನೆನಪಿರುತ್ತದೆಯೇ, ಇರುತ್ತದೆ, ಹೊಟ್ಟೆಕಿಚ್ಚು ಎಷ್ಟು ಬೇಗ ನೆನಪಿಟ್ಟುಕೊಳ್ಳುತ್ತದೆ, ಹಾಗಾದರೆ ತನಗಿಂತ ಮೊದಲೇ, ತನಗಿಂತ ನಲವತ್ತಾರು ವರ್ಷ ಮೊದಲೇ ಇವಳ ಹೊಟ್ಟೆಯಲ್ಲಿ ಇದೇ ಕೆಂಡ, ದಿನವೂ ಅದನ್ನಿಟ್ಟುಕೊಂಡೇ ತನಗೆ ಸೂಪು ಬಡಿಸಿದಳು, ಅಷ್ಟು ಆಸೆಯಿದ್ದರೆ ನನ್ನನ್ನೇ ಕೇಳ್ಬೋದಿತ್ತಲ್ಲೇ, ಎಂದಳು ಜೆರ್ಮೇನ್. ಕೇಳಿದ್ರೆ ಕೊಡ್ತಿದ್ಯಾ, ಎಂದಳು ಬ್ಲಾಂಶ್, ಆಮೇಲೆ ಹತ್ತಿರ ಬಂದು, ಆಸೆಗೆ ಮಾಡಿದ್ದಲ್ಲ ಕಣೇ, ಹೇಗೆ ಹೇಳೋದು ಅಂತ ತಿಂಗಳಿಂದ ನಿದ್ದೆ ಇಲ್ಲ, ನೀನು ಮಾಡಿಕೊಡೋ ಅಂಚು ಗುಂಡಗಾಗ್ತಿದೆ, ಒಂದು ವರ್ಷವಾಯ್ತು, ತುದಿ ಸೀಳಲ್ಲಿ ನಿಲ್ಲಲ್ಲ, ಜಾರುತ್ತೆ, ಕ್ರಿಸ್‌ಮಸ್‌ಗೆ ಮುಂಚೆ ಎರಡು ಯಂತ್ರ ಗೀರಾಗಿ ವಾಪಸ್ಸು ಬಂದ್ವು, ನನ್ನ ತಪ್ಪು ಅಂತ ಕಾರ್ಖಾನೆ ಮೇಸ್ತ್ರಿಗೆ ಹೇಳ್ದೆ, ಅವು ನಿನ್ನ ಪಾಲಿನವು, ಈಗ ನಿನ್ನ ಯಂತ್ರಗಳನ್ನ ಪೆಟ್ಟಿಗೆಗೆ ಕಟ್ಟೋ ಮುಂಚೆ ನಾನೇ ಉಜ್ಜಿ ಗೀರು ತೆಗೀತೀನಿ, ನಿಂಗೆ ಗೀರು ಕಾಣಲ್ಲ ಜೆರ್ಮೇನ್, ಬಲಗಣ್ಣು ಮಂಜಾಗಿದೆ, ಎಲ್ಲರಿಗೂ ಗೊತ್ತು.

ಗಾಜಿನ ಮೇಲೆ ಉಸಿರು ಕೂತಿದೆ, ಒರೆಸಿದಳು, ಅಡುಗೆಮನೆಯ ಆವಿ, ಆವಿ ಅಲ್ಲವೇ, ಎಲ್ಲರಿಗೂ ಅಂದರೆ ಯಾರಿಗೆ, ಮದಾಂ ಮೇಲಾಂಗೂ ಗೊತ್ತೇ, ಬ್ರೆಡ್ಡಿನವಳಿಗೆ, ಕಾಪ್ತ್‌ನಿಗೆ ಖಂಡಿತ ಗೊತ್ತು, ಇಬ್ಬರೂ ಸ್ಟೂಲಿನಲ್ಲಿ ಕೂತು, ಪಾಪ ನಿನ್ನ ಅಕ್ಕ, ಎಂದು, ಅವನ ಆ ಬಾವಿ ದನಿಯಲ್ಲಿ ಪಾಪ ಎಂದು, ಸರಿ, ಯಾವ ಗಂಡಸಿನ ಕಾರಣಕ್ಕೂ ಅಲ್ಲ, ತನ್ನ ಕಾರಣಕ್ಕೆ, ಇದು ಅದಕ್ಕಿಂತ ಕೆಟ್ಟದ್ದು, ಗಂಡಸಾಗಿದ್ದರೆ ಅವನ ಕೈ ಹೀಗೆ ಹಾಗೆ ಅನ್ನಬಹುದಿತ್ತು, ತನ್ನ ಬಲಗಡೆಯ ಐದು ತಿರುಪುಳಿಗಳನ್ನು, ಇನ್ನೂ ಕಲ್ಲಿಗೆ ಮುಟ್ಟಿಸದವನ್ನು, ಯಾವಾಗ ಮುಷ್ಟಿಯಲ್ಲಿ ತೆಗೆದುಕೊಂಡಳೋ ತಿಳಿಯಲಿಲ್ಲ, ತುದಿಗಳು ಅಂಗೈಗೆ ಒತ್ತುತ್ತಿವೆ, ಒತ್ತುತ್ತಿವೆ, ಚುಚ್ಚುತ್ತಿಲ್ಲ, ಗುಂಡಗೆ. ಬ್ಲಾಂಶ್ ಮಂಡಿಯೂರಿ ಕೂತಳು, ಮೇಜಿನ ಪಕ್ಕ, ಕಣ್ಣು ಕಣ್ಣಿಗೆ ಬರುವ ಹಾಗೆ, ಕೊಡೇ, ಎಂದಳು, ನಿನ್ನವೂ ನಾನೇ ಮಾಡ್ತೀನಿ, ಇನ್ಮೇಲೆ ಶನಿವಾರ ಶನಿವಾರ ನಾನೇ ಮಾಡಿಕೊಡ್ತೀನಿ, ನೀನು ಸುಮ್ನೆ ಕೂತ್ಕೊಂಡು ತಪ್ಪು ಹೇಳು, ನಂಗೆ ಅಡ್ಡ ಗೆರೆ ಬರಲ್ಲ, ನೀನೇ ಹೇಳ್ಕೊಡು ಬೇಕಾದ್ರೆ, ಎಂದು ಕೈ ಚಾಚಿದಳು, ಅಂಗೈ ಮೇಲಕ್ಕೆ, ಲೀಕ್ ಸೊಪ್ಪಿನ ವಾಸನೆ, ತೋರುಬೆರಳ ತುದಿಯಲ್ಲಿ ಬೂದು ಕಲೆ, ಉಕ್ಕು ಎಣ್ಣೆಯ ಜೊತೆ ಚರ್ಮದೊಳಕ್ಕೆ ಇಳಿದ ಕಲೆ, ಯಾವ ಸೋಪಿಗೂ ಹೋಗದ್ದು, ಭೂತಗನ್ನಡಿ ಇಲ್ಲದೆಯೂ ಕಾಣುತ್ತದೆ, ಈ ಕಣ್ಣಿಗೂ ಕಾಣುತ್ತದೆ, ಆ ಕೈ ಹಾಗೇ ಇದೆ, ಹೊರಗೆ ಸರೋವರದ ಮೇಲೆ ಯಾರೋ ಕೂಗುತ್ತಾರೆ, ಸಾಸೇಜು ಒಡೆದ ವಾಸನೆ, ಕೈ ಹಾಗೇ ಇದೆ, ತೆರೆದ ಅಂಗೈ, ಬೂದು ಕಲೆ, ಅಂಗೈ —

ಕೊಡಲ್ಲ, ಎಂದಳು ಜೆರ್ಮೇನ್.