ಅಂಟುಹಾಳೆಯ ಮೇಲೆ ಉಳಿದ ಮರ

ಕಾಗದದ ಮರದ ಬುಡ ಅಂಟುಹಾಳೆಯಿಂದ ಸಲೀಸಾಗಿ ಎದ್ದು ಬಂತು. ಕಾಂಡವೂ ಬಂತು. ಕೊಂಬೆಗಳು ಶುರುವಾಗುವ ಕಡೆ ಮಾತ್ರ ಕಾಗದ ಹಟ ಹಿಡಿಯಿತು. ಅಂಗಡಿಯಾಕೆ ಚಪ್ಪಟೆ ಚಮಚದಂಥದ್ದೊಂದನ್ನು ಅದರ ಅಡಿಗೆ ತೂರಿಸಿ, ಉಸಿರು ಬಿಗಿಹಿಡಿದು, ಒಂದಿಷ್ಟು ಎತ್ತಿದಳು. ಸದ್ದೇನೂ ಆಗಲಿಲ್ಲ. ಒಂದು ಹಕ್ಕಿ ಮೇಲೆ ಬಂತು, ಅದು ಕೂತಿದ್ದ ಕೊಂಬೆ ಅಂಟುಹಾಳೆಯ ಮೇಲೆಯೇ ಉಳಿಯಿತು.

"ಬಿಡಿ, ನಾನು ತೆಗೀತೀನಿ," ಎಂದು ಸೊಸೆ ಕೈ ಹಾಕಿದಳು. ಅವಳು ಕೈ ಹಾಕದೇ ಇದ್ದಿದ್ದರೆ ಅರ್ಧ ಮರವಾದರೂ ಉಳಿಯುತ್ತಿತ್ತೇನೋ. ಗಾಬರಿಯಲ್ಲಿ ಬೆರಳು ಹೇಳಿದ ಮಾತು ಕೇಳಲಿಲ್ಲ; ಎಳೆದಲ್ಲೆಲ್ಲ ಕಾಗದ ಕಿತ್ತು ಬಂತು.

ಅದು ಅವಳ ಅತ್ತೆ ಕತ್ತರಿಸಿದ ಮರ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಹೇಳದೆ ಕೇಳದೆ, ಬೀರುವಿನಿಂದ ತೆಗೆದುಕೊಂಡು ಬಂದದ್ದು.

ಅತ್ತೆ-ಸೊಸೆಯರದು ಮನೆಯಲ್ಲೇ ಕೂತು ಮಾಡುವ ಕೆಲಸ. ಹುಟ್ಟುಹಬ್ಬದ ಕಾರ್ಡು, ಕೇಕಿನ ಮೇಲೆ ಸಿಕ್ಕಿಸುವ ಹೆಸರು, ಮಕ್ಕಳ ಕೋಣೆಯಲ್ಲಿ ತೂಗುಹಾಕುವ ಕಾಗದದ ಆನೆ, ಮೋಡ, ಚಂದ್ರ. ಅತ್ತೆ ಕತ್ತರಿಸುತ್ತಿದ್ದರು, ಸೊಸೆ ಅಂಟಿಸಿ, ಫೋಟೋ ತೆಗೆದು, ಫೋನಿನಲ್ಲಿ ಗಿರಾಕಿ ಹಿಡಿಯುತ್ತಿದ್ದಳು. ಅತ್ತೆ ಪೆನ್ಸಿಲ್ ಮುಟ್ಟಿದವರೇ ಅಲ್ಲ. ಬಲಗೈಯ ಕತ್ತರಿ ಇದ್ದಲ್ಲೇ ಇರುತ್ತಿತ್ತು, ಎಡಗೈ ಕಾಗದವನ್ನು ತಿರುಗಿಸುತ್ತಿತ್ತು. ಪಕ್ಕದ ಮನೆಯವರನ್ನು ಆಡಿಕೊಳ್ಳುತ್ತ ಆಡಿಕೊಳ್ಳುತ್ತಲೇ ಆನೆಗೆ ಸೊಂಡಿಲು ಬಂದಿರುತ್ತಿತ್ತು. ಮಗ ಅವರನ್ನು ಕತ್ತರಿ ಮಹಾರಾಣಿ ಎಂದು ರೇಗಿಸುತ್ತಿದ್ದ. ಮಹಾರಾಣಿಗೆ ಅದು ಒಳಗೊಳಗೇ ಇಷ್ಟ.

ಈಚೆಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಹತೋಟಿಗೆ ಬರುವವರೆಗೂ ಆಪರೇಷನ್ ಬೇಡ ಎಂದಿದ್ದರು ಡಾಕ್ಟರು. ಆನೆಗಳ ಕಾಲು ಒಂದೊಂದು ಅಳತೆಗೆ ಬರತೊಡಗಿದವು. ಬೇಕರಿಯವನು ಒಂದು ಕಟ್ಟು ಹೆಸರುಗಳನ್ನು ವಾಪಸು ಕಳಿಸಿದ. ಸೊಸೆ ಅದನ್ನು ಅತ್ತೆಗೆ ಹೇಳಲಿಲ್ಲ. ಮಧ್ಯಾಹ್ನ ಅವರು ಒರಗಿದಾಗ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಅವೇ ಹೆಸರುಗಳನ್ನು ತಾನು ಮತ್ತೆ ಕತ್ತರಿಸಿದಳು. ಅವಳ ಕೈಗೆ ಅದು ಒಗ್ಗುವ ಕೆಲಸವಲ್ಲ. ಹೆಬ್ಬೆರಳಲ್ಲಿ ಬೊಬ್ಬೆ ಬಂತೇ ಹೊರತು ಅಕ್ಷರಗಳು ನೆಟ್ಟಗೆ ಬರಲಿಲ್ಲ. ಯಂತ್ರದ ಆಸೆ ಹುಟ್ಟಿದ್ದು ಆಗಲೇ.

ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು. ಒಂದಕ್ಕೆ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಡಬೇಕು. ಅದು ಅಗ್ಗ, ಆದರೆ ಸೊಸೆ ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಅದು ಎಲ್ಲಿಗೋ ಹೋಗುತ್ತಿತ್ತು. ಇನ್ನೊಂದಕ್ಕೆ ಒಳಗೇ ಕಣ್ಣಿತ್ತು. ಯಾವುದೇ ಚಿತ್ರವನ್ನು ಅಂಟುಹಾಳೆಯ ಮೇಲೆ ಅಂಟಿಸಿ ಒಳಗೆ ಬಿಟ್ಟರೆ, ನೋಡಿಕೊಂಡು ನೆನಪಿಟ್ಟುಕೊಂಡು, ಬೇರೆ ಕಾಗದದಲ್ಲಿ ಹಾಗೇ ಕತ್ತರಿಸಿ ಕೊಡುತ್ತಿತ್ತು. ಇದು ಎಷ್ಟು ಸಣ್ಣ ಕೆಲಸವನ್ನು ಹಿಡಿಯುತ್ತದೆ ಎಂದು ನೋಡಬೇಕಿತ್ತು. ಮನೆಯಲ್ಲಿ ಅತ್ತೆಯ ಮರಕ್ಕಿಂತ ಸಣ್ಣ ಕೆಲಸ ಇನ್ನೊಂದಿರಲಿಲ್ಲ.

ಹಾಳೆ ಹೊಸದು, ಅಂಟು ಜೋರಾಗಿದೆ, ಮೇಲೆ ಪ್ಲಾಸ್ಟಿಕ್ ಹೊದಿಸಲೇ ಎಂದು ಅಂಗಡಿಯಾಕೆ ಕೇಳಿಯೇ ಕೇಳಿದಳು. ಹೊದಿಸಿದರೆ ಎಳೆಗಳು ಸ್ವಲ್ಪ ಮಬ್ಬಾಗಿ ಕಾಣುತ್ತವೆ, ಹೊದಿಸದಿದ್ದರೆ ಕಾಗದಕ್ಕೆ ಪೆಟ್ಟು. ಇದೇನು ಬೇಕಾದ ವಸ್ತುವೇ ಎಂದೂ ಕೇಳಿದಳು. ಯಂತ್ರದ ಪರೀಕ್ಷೆ ಸರಿಯಾಗಿ ಆಗಲಿ ಎಂಬ ಒಂದೇ ಆತುರದಲ್ಲಿದ್ದ ಸೊಸೆ, "ಇಲ್ಲ ಇಲ್ಲ, ಮನೇಲಿ ಬಿದ್ದಿದ್ದ ಹಳೇದು," ಎಂದುಬಿಟ್ಟಳು.

ಬಿದ್ದಿದ್ದ ಹಳೇದಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾವ ಹಾಸಿಗೆ ಹಿಡಿದ ವರ್ಷ ಅತ್ತೆ ಅವರ ಮಂಚದ ಪಕ್ಕ ಕೂತು ಕತ್ತರಿಸಿದ ಮರ ಅದು. ಮುದ್ರಣಾಲಯದಲ್ಲಿದ್ದ ಮಾವ ಎಂದೋ ತಂದಿಟ್ಟಿದ್ದ ತೆಳು ಕಪ್ಪು ಕಾಗದ. ಎಚ್ಚರವಾದಾಗಲೆಲ್ಲ ಅವರು ಇನ್ನೊಂದು ಹಕ್ಕಿ ಕೂರಿಸು ಎನ್ನುತ್ತಿದ್ದರಂತೆ, ಅತ್ತೆ ಜಾಗ ಹುಡುಕಿ ಕೂರಿಸುತ್ತಿದ್ದರಂತೆ. ಕೊಂಬೆಗಿಂತ ಹಕ್ಕಿಗಳೇ ಹೆಚ್ಚಾದಾಗ ಮಾವ ತೀರಿಕೊಂಡರು. ಅಂದಿನಿಂದ ಅದು ಎರಡು ರಟ್ಟುಗಳ ನಡುವೆ, ಮಡಚಿದ ಬಟ್ಟೆಗಳ ಅಡಿಯಲ್ಲಿತ್ತು.

ಅದು ಹರಿಯುವ ಮುಂಚೆಯೇ ಯಂತ್ರ ನೋಡಬೇಕಾದದ್ದನ್ನು ನೋಡಿ ಮುಗಿಸಿತ್ತು. ಅಂಗಡಿಯಾಕೆ ಸಂಕಟಪಟ್ಟುಕೊಂಡು, ಅಷ್ಟೇ ತೆಳುವಾದ ಕಪ್ಪು ಕಾಗದ ಹುಡುಕಿ, ಈ ಸಲ ಹಳೆಯ, ಅಂಟು ಸತ್ತ ಹಾಳೆಯ ಮೇಲಿಟ್ಟು ಒಳಗೆ ಬಿಟ್ಟಳು. ಯಂತ್ರ ಗುಂಯ್‌ಗುಟ್ಟುತ್ತ ಹಿಂದಕ್ಕೂ ಮುಂದಕ್ಕೂ ಎಳೆದಾಡಿ, ಒಂದು ಕೊಕ್ಕನ್ನೂ ಬಿಡದೆ, ಇಡೀ ಮರವನ್ನು ಕತ್ತರಿಸಿ ಕೊಟ್ಟಿತು. ಅದನ್ನು ಎತ್ತಿ ಹಿಡಿದಾಗ ಸೊಸೆಗೆ ಮೊದಲು ಬಂದದ್ದು ದುಃಖವಲ್ಲ, ಖುಷಿ. ಎಷ್ಟು ಚೆನ್ನಾಗಿ ಬಂತು ಎಂದು ಅವಳ ಮನಸ್ಸು ಕುಣಿಯಿತು. ಆಮೇಲೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಹೊತ್ತೇ ಬಸ್ಸಿನಲ್ಲಿ ಮನೆಗೆ ಬಂದಳು.

ಆದರೂ ಕೈ ಸುಮ್ಮನಿರಲಿಲ್ಲ. ಹೊಸ ಕಾಗದ ತೀರಾ ಕಪ್ಪಗಿತ್ತು. ಹಳೆಯದು ಅಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿತ್ತು. ಅತ್ತೆ ಹೋಗದ ಮಹಡಿಯ ಕಿಟಕಿಯಲ್ಲಿ ಅದನ್ನು ಬಿಸಿಲಿಗಿಟ್ಟಳು. ಮೂಲೆಗಳನ್ನು ಬೆರಳಲ್ಲಿ ಉಜ್ಜಿ ಮೆದು ಮಾಡಿದಳು. ಕಳ್ಳನೋಟು ಮಾಡುವವರು ಹೀಗೇ ಮಾಡುತ್ತಾರೇನೋ ಅನ್ನಿಸಿತು. ಬಣ್ಣ ಹಿಡಿಸಿದ ಮೇಲೆ ರಟ್ಟುಗಳ ನಡುವೆ ಇಟ್ಟು, ಬಟ್ಟೆಗಳ ಅಡಿಗೆ ಸೇರಿಸಿ, ಬೀರುವಿನ ಬಾಗಿಲು ಹಾಕಿದಳು.

ಅಲ್ಲಿಂದಾಚೆ ಸೊಸೆ ಅತ್ತೆಯನ್ನು ನೋಡಿಕೊಂಡ ರೀತಿಯನ್ನು ಆ ಬೀದಿಯೇ ಮೆಚ್ಚಬೇಕಿತ್ತು. ಕೇಳುವ ಮುಂಚೆ ಕಾಫಿ ಬಂತು. ಮೆತ್ತನೆ ಚಪ್ಪಲಿ ಬಂತು. ಬೇಡವೆಂದರೂ ಕಾಲು ಒತ್ತಿದಳು. ಕಾಲು ಒತ್ತುವಾಗ ಮುಖ ನೋಡಬೇಕಾಗಿಲ್ಲ ಎಂಬುದೂ ಒಂದು ಅನುಕೂಲ. ಅತ್ತೆ ಕೊನೆಗೆ ತಡೆಯಲಾರದೆ, "ಏನಮ್ಮಾ, ಡಾಕ್ಟರು ನನಗೆ ಹೇಳದೇ ಇರೋದನ್ನ ನಿನಗೇನಾದ್ರೂ ಹೇಳಿದಾರಾ?" ಎಂದು ಕೇಳಿದರು. ಸೊಸೆ ನಕ್ಕಳು. ಇನ್ನೊಂದು ಕಾಲು ಒತ್ತತೊಡಗಿದಳು.

ಯಂತ್ರ ಕೊಳ್ಳಲು ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ. ಗಂಡ ಕೇಳಿದಾಗಲೆಲ್ಲ ಕುಂಟುನೆಪ ಹೇಳಿದಳು: ಬಣ್ಣ ಇಷ್ಟವಿಲ್ಲ, ಹೊಸ ಮಾದರಿ ಬರುತ್ತದಂತೆ, ಇಡಲು ಮೇಜಿಲ್ಲ. ಮೇಜಿನ ಅಳತೆ ತೆಗೆದುಕೊಂಡು ಬಂದ ಗಂಡ, ಮದುವೆಗೆ ಒಪ್ಪಲೂ ನೀನು ಇಷ್ಟು ಯೋಚಿಸಿರಲಿಲ್ಲವಲ್ಲ ಎಂದು ನಕ್ಕ. ಅತ್ತೆ ನಗಲಿಲ್ಲ. ಅವರು ತಮ್ಮದೇ ಲೆಕ್ಕ ಹಾಕಿಕೊಂಡಿದ್ದರು. ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನನಗೆ ಬೇಜಾರಾಗುತ್ತೆ ಅಂತ ತಾನೆ ನೀನು ಮಷಿನ್ ತರ್ತಿಲ್ಲ? ನನ್ನ ಕತ್ತರಿ ಎಲ್ಲೆಲ್ಲೋ ಓಡುತ್ತೆ ಅಂತ ನನಗೆ ಗೊತ್ತಿಲ್ವಾ? ನಾನು ಮಾಡಿದ್ದನ್ನ ನೀನು ಅಡಿಗೆಮನೇಲಿ ಕೂತು ಮತ್ತೆ ಕತ್ತರಿಸೋ ಸದ್ದು ಕೇಳುತ್ತೆ. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ."

ಸೊಸೆ ಏನೋ ಹೇಳಹೋದಳು. ಅತ್ತೆ ಬಿಡಲಿಲ್ಲ. ನಾಳೆಯೇ ಹೋಗೋಣ, ನಾನೂ ಬರುತ್ತೇನೆ ಎಂದರು. ಅದು ಚಿತ್ರ ನೋಡಿ ಹಾಗೇ ಕತ್ತರಿಸುತ್ತದಂತಲ್ಲ, ಮಗ ಹೇಳಿದ. ಹಾಗಾದರೆ ನನ್ನ ಮರವನ್ನು ಕೊಟ್ಟು ನೋಡೋಣ. ಅದನ್ನು ಮಾಡಿದರೆ ಬೇರೆ ಏನನ್ನು ಬೇಕಾದರೂ ಮಾಡುತ್ತದೆ.

"ಬೇಡ ಅತ್ತೆ," ಎಂದಳು ಸೊಸೆ. "ಹರಿದುಗಿರಿದು ಹೋದ್ರೆ?"

"ಹೋದ್ರೆ ಹೋಯ್ತು. ಬಚ್ಚಿಟ್ಟುಕೊಂಡು ನಾನೇನು ಮಾಡ್ಲಿ? ತೆಗೆದು ನೋಡಿದ್ರೆ ಒಂದು ಕಪ್ಪು ಮೋಡ ಕಾಣುತ್ತೆ. ನಿನ್ನ ಕೆಲಸಕ್ಕಾದ್ರೂ ಬರಲಿ."

ಹೇಳುವುದಿದ್ದರೆ ಅದೇ ಗಳಿಗೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಬಾಗಿಲು ಯಾರೂ ತಟ್ಟಲಿಲ್ಲ, ಫೋನ್ ಕೂಡ ಬಡಿದುಕೊಳ್ಳಲಿಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಕೇಳಿದ್ದರೆ ಇವರು ಕೊಟ್ಟೇ ಕೊಡುತ್ತಿದ್ದರು. ಹರಿದಿದೆ ಎಂದು ಅಂದೇ ಬಂದು ಹೇಳಿದ್ದರೆ ಒಂದು ದಿನ ಮಾತು ಬಿಡುತ್ತಿದ್ದರೇನೋ, ಅಷ್ಟೇ. ತಾನು ಕದ್ದು, ಮುಚ್ಚಿ, ಬಿಸಿಲಿಗಿಟ್ಟು ಬಣ್ಣ ಮಾಡಿದ್ದನ್ನು ಈಗ ಹೇಗೆ ಹೇಳುವುದು? ಸೊಸೆ ಎದ್ದು ಹೋಗಿ ಒಣಗಿದ ಬಟ್ಟೆ ಮಡಚತೊಡಗಿದಳು.

ಮರುದಿನ ಬಸ್ಸಿನಲ್ಲಿ ಅತ್ತೆ ರಟ್ಟುಗಳನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊಸ ಚಪ್ಪಲಿ ಹಾಕಿದ್ದರು, ತಲೆ ಒಪ್ಪವಾಗಿ ಬಾಚಿದ್ದರು. ಅಂಗಡಿಯಲ್ಲಿ ಇವತ್ತು ಆಕೆ ಇರದಿರಲಿ, ಬೇರೆ ಯಾರಾದರೂ ಇರಲಿ ಎಂದು ಸೊಸೆ ದಾರಿಯುದ್ದಕ್ಕೂ ಬೇಡಿಕೊಂಡಳು. ಇದ್ದರೂ ಕಣ್ಣಲ್ಲೇ ಸನ್ನೆ ಮಾಡಿ ಸುಮ್ಮನಾಗಿಸಬಹುದು ಎಂದೂ ಯೋಚಿಸಿದಳು. ಅಂಗಡಿಯಾಕೆ ಇದ್ದಳು. ಸನ್ನೆ ಮಾಡುವಷ್ಟು ಪುರಸೊತ್ತು ಸಿಗಲಿಲ್ಲ.

ಅತ್ತೆ ತಾವೇ ಮೇಜಿನ ಅಂಚನ್ನು ತಡವಿ, ರಟ್ಟುಗಳನ್ನು ಇಟ್ಟು, ಮೇಲಿನದನ್ನು ತೆಗೆದರು. "ನಾನು ಕತ್ತರಿಸಿದ್ದಮ್ಮಾ. ಇದನ್ನ ಮಾಡುತ್ತಾ ನಿಮ್ಮ ಮಷಿನ್, ನೋಡಿ."

ಅಂಗಡಿಯಾಕೆ ಬಗ್ಗಿ ನೋಡಿದಳು. ಅವಳ ಮುಖ ಅರಳಿತು, ಅಷ್ಟೇ ಬೇಗ ಸಣ್ಣದಾಯಿತು. ಒಳ್ಳೆಯ ಹೆಂಗಸು; ಅಂದಿನಿಂದ ಕೊರಗಿದ್ದಳೆಂದು ಕಾಣುತ್ತದೆ.

"ಅಯ್ಯೋ, ಆ ಮರ ಕತ್ತರಿಸಿದವರು ನೀವೇನಾ ಅಮ್ಮಾ? ಇದು ನಮ್ಮ ಮಷಿನ್ನೇ ಮಾಡಿದ್ದಲ್ವಾ. ಅವತ್ತು ನಿಮ್ಮದು ಹರಿದುಹೋಯ್ತಲ್ಲ, ನನಗೆ ಇವತ್ತಿಗೂ ಸಂಕಟ. ನಾನು ಪ್ಲಾಸ್ಟಿಕ್ ಹಾಕಲೇಬೇಕಿತ್ತು."

ಸೊಸೆಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಅತ್ತೆಯ ಕೈ ರಟ್ಟಿನ ಮೇಲೆ ಹಾಗೇ ನಿಂತಿತ್ತು. ಹರಿಯುತ್ತದೆಂಬ ಹೆದರಿಕೆಗೆ ಇಷ್ಟು ವರ್ಷ ಅವರು ಮರವನ್ನು ಮುಟ್ಟಿದವರಲ್ಲ. ಈಗ ಒಂದು ಬೆರಳನ್ನು ಕಾಗದದ ಮೇಲಿಟ್ಟು, ಮೆಲ್ಲಗೆ, ಕಾಂಡದಿಂದ ಕೊಂಬೆಯವರೆಗೂ ಸವರಿದರು.

"ಹೌದಮ್ಮಾ," ಎಂದರು. "ಹೇಳಿದಾಳೆ ಇವಳು. ಅವತ್ತೇ ಬಂದು ಹೇಳಿದಳು. ನನಗೆ ಈಗ ಎಲ್ಲಾ ಮರೆತುಹೋಗುತ್ತೆ."

ದನಿಯಲ್ಲಿ ಏನೂ ಇರಲಿಲ್ಲ. ಅಂಗಡಿಯಾಕೆ ಹಗುರಾಗಿ, ಯಂತ್ರಗಳ ಗುಣಗಾನಕ್ಕೆ ಇಳಿದಳು. ಕಂಪ್ಯೂಟರಿನದು, ಕಣ್ಣಿನದು, ಯಾವುದರ ಬ್ಲೇಡು ಎಷ್ಟು ದಿನ ಬಾಳುತ್ತದೆ, ಯಾವುದು ಬಟ್ಟೆಯನ್ನೂ ಕತ್ತರಿಸುತ್ತದೆ. ಯಾವುದು ಬೇಕೆಂದು ಅವಳು ಸೊಸೆಯನ್ನು ಕೇಳಿದಳು.

"ಕಣ್ಣಿರೋದನ್ನೇ ಕೊಡಿ," ಎಂದರು ಅತ್ತೆ. "ಮನೇಲಿ ಒಂದಾದ್ರೂ ಸರಿಯಾದ ಕಣ್ಣಿರಲಿ."

ಅಂಗಡಿಯಾಕೆ ನಕ್ಕಳು. ಡಬ್ಬಿ ಕಟ್ಟಿಸಿ, ಎತ್ತಲು ಅನುಕೂಲವಾಗಲೆಂದು ಎರಡೂ ಕಡೆ ಹಗ್ಗದ ಹಿಡಿ ಮಾಡಿಸಿಕೊಟ್ಟಳು. ಅತ್ತೆ ರಟ್ಟುಗಳನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

ಬಸ್‌ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತರು, ಡಬ್ಬಿ ನಡುವೆ. ಎದುರಿನ ಬಟ್ಟೆ ಅಂಗಡಿಯವನು ಗಾಜು ಒರೆಸುತ್ತಿದ್ದ. ಅವನು ಒಂದು ಗಾಜು ಮುಗಿಸಿ ಇನ್ನೊಂದಕ್ಕೆ ಹೋದ.

"ತಪ್ಪಾಯ್ತು ಅತ್ತೆ."

ಅತ್ತೆ ರಸ್ತೆಯ ಕಡೆಗೇ ಮುಖ ಮಾಡಿದ್ದರು. "ಚೂರುಗಳು ಇದಾವಾ?" ಎಂದು ಕೇಳಿದರು.

ಇವೆ ಎನ್ನಲು ಮನಸ್ಸು ಎಳೆಯಿತು. ಎಲ್ಲೋ ಇಟ್ಟಿದ್ದೇನೆ, ಹುಡುಕಿ ಕೊಡುತ್ತೇನೆ ಎಂದರೆ ಇವತ್ತಿಗೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಸುಳ್ಳನ್ನು ಹೊರುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಇಲ್ಲ. ಅಲ್ಲೇ ಕಸದ ಬುಟ್ಟಿಗೆ ಹಾಕಿಬಿಟ್ಟೆ. ಮನೆಗೆ ತಂದ್ರೆ ನಿಮಗೆ ಗೊತ್ತಾಗುತ್ತೆ ಅಂತ."

ಅತ್ತೆ ತಲೆಯಾಡಿಸಿದರು. ಬೈಯಲಿ ಎಂದು ಸೊಸೆ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅದರಲ್ಲಿ ಒಂದು ಹಕ್ಕಿ ನಿಮ್ಮ ಮಾವ ಕತ್ತರಿಸಿದ್ದು," ಎಂದರು ಅತ್ತೆ. "ನಾನೂ ಒಂದು ಮಾಡ್ತೀನಿ ಕೊಡು ಅಂತ ಹಟ ಹಿಡಿದ್ರು. ಕೈ ನಡುಗ್ತಿತ್ತು. ಕತ್ತರಿ ಅವರು ಹಿಡಿದಿದ್ರು, ಕಾಗದ ನಾನು ತಿರುಗಿಸಿದೆ. ಯಾರಿಗೂ ಹೇಳಿರಲಿಲ್ಲ."

ಸೊಸೆಯ ಕಣ್ಣು ತುಂಬಿ ಬಂತು. ರಟ್ಟು ತೆಗೆದು ಅದನ್ನೊಂದು ಸಲ ನೋಡಬೇಕು ಅನ್ನಿಸಿತು. ಆ ಹಕ್ಕಿ ಅಲ್ಲೂ ಇರಲೇಬೇಕು, ಯಂತ್ರ ಯಾವುದನ್ನೂ ಬಿಟ್ಟಿರಲಿಲ್ಲ. "ಯಾವುದು ಅತ್ತೆ?"

"ಈಗ ಯಾವುದಾದ್ರೇನು," ಎಂದರು ಅತ್ತೆ. "ಎಲ್ಲಾನೂ ಒಂದೇ ಕೈಲಿ ಆಗಿದೆಯಲ್ಲ."

ಬಸ್ಸು ಬಂತು. ಸೊಸೆ ಎದ್ದು ಡಬ್ಬಿಯ ಎರಡೂ ಹಿಡಿಗಳನ್ನು ಹಿಡಿದು ಎತ್ತಿಕೊಂಡಳು. ಬಸ್ಸು ಹತ್ತುವಾಗ ಅತ್ತೆಯ ಮೊಣಕೈ ಹಿಡಿಯುವುದು ಅವಳ ರೂಢಿ. ಈಗ ಅದಕ್ಕೆ ಕೈ ಉಳಿದಿರಲಿಲ್ಲ. ಅತ್ತೆ ಕಾಯಲೂ ಇಲ್ಲ. ಕಂಕುಳಲ್ಲಿ ರಟ್ಟುಗಳನ್ನು ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಮುಂದಕ್ಕೆ ಚಾಚಿ, ಕಂಬಿ ಸಿಗುವವರೆಗೂ ಗಾಳಿಯಲ್ಲಿ ತಡಕಿ, ಮೆಟ್ಟಿಲಿನ ಮೇಲೆ ಕಾಲಿಟ್ಟರು.